ತೋಟದ ಮನೆಗೆ ಮುಳ್ಳುಹಂದಿ ಬರುತ್ತಿದೆ, ನಾಯಿಗಳಿಗೆ ಅಪಾಯವೇ?

ಚಿಂಚೋಳಿ ಹತ್ತಿರ ಹೊಲದಲ್ಲಿ ಮನೆ ಕಟ್ಟಿಸಿದ್ದೀರಿ, ಎರಡು ನಾಯಿ, ಒಂದು ಬೆಕ್ಕು ಸಾಕಿದ್ದೀರಿ, ರಾತ್ರಿ ಬರುವ ಮುಳ್ಳುಹಂದಿಯನ್ನು ಓಡಿಸುವುದು ಹೇಗೆ ಅಂತ ಕೇಳಿದ್ದೀರಿ. ನಮ್ಮ ಹೊಲವೂ ಅದೇ ತಾಲೂಕಿನಲ್ಲಿ, ಗುಡ್ಡದ ಬುಡಕ್ಕೇ ಇದೆ. ನನ್ನ ಮಾತು ಕೇಳುವುದಾದರೆ ಅದನ್ನು ಓಡಿಸುವ ಗೋಜಿಗೆ ಹೋಗಬೇಡಿ. ಕತ್ತಲಾದ ಮೇಲೆ ನಾಯಿಗಳನ್ನು ಒಳಗೆ ಕಟ್ಟಿ.

ಮುಳ್ಳುಹಂದಿ ತಾನಾಗಿ ನಾಯಿಯನ್ನು ಹುಡುಕಿಕೊಂಡು ಬರುವುದಿಲ್ಲ. ದೂರದಿಂದ ಮುಳ್ಳು ಎಸೆಯುತ್ತದೆ ಅನ್ನುವುದೂ ಸುಳ್ಳು. ಮೊದಲು ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲ್ಲಾಡಿಸುತ್ತದೆ, ಕಾಲು ಬಡಿಯುತ್ತದೆ. ಆದರೂ ನಾಯಿ ಬಿಡದಿದ್ದರೆ ಬೆನ್ನು ತಿರುಗಿಸಿ ಹಿಮ್ಮುಖವಾಗಿ ನುಗ್ಗುತ್ತದೆ. ಹತ್ತು ಹದಿನೈದು ಕಿಲೋ ತೂಕದ ಪ್ರಾಣಿ ಹಾಗೆ ಗುದ್ದಿದರೆ ಮುಳ್ಳು ಎದೆಯೊಳಗೂ ಇಳಿಯಬಹುದು. ಮುಧೋಳ ನಾಯಿ ಸಾಕಿದ್ದರಂತೂ ಜಾಸ್ತಿ ಎಚ್ಚರ ಬೇಕು. ಓಡುವುದು ಏನಾದರೂ ಕಂಡರೆ ಅದಕ್ಕೆ ನಿಮ್ಮ ಕೂಗು ಕೇಳಿಸುವುದಿಲ್ಲ. ಬೆಕ್ಕಿನ ಚಿಂತೆ ಅಷ್ಟಿಲ್ಲ, ಅದು ಸಾಮಾನ್ಯವಾಗಿ ದೂರವೇ ಉಳಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಾಯಿ ಕಡಿದು ಅಂಗಳದಲ್ಲಿ ಬಿಟ್ಟ ಎಲುಬು ಮುಳ್ಳುಹಂದಿಗೂ ಬೇಕು. ಅದು ಮಾಂಸ ಬೇಟೆಯಾಡುವ ಪ್ರಾಣಿ ಅಲ್ಲ, ಗಡ್ಡೆ, ಬೇರು, ತೊಗಟೆ, ಹಣ್ಣು ಅದರ ಊಟ. ಆದರೆ ಸುಣ್ಣದ ಅಂಶಕ್ಕಾಗಿ, ಬೆಳೆಯುತ್ತಲೇ ಇರುವ ಹಲ್ಲು ಸವೆಸಿಕೊಳ್ಳಲು ಎಲುಬು ಕಡಿಯುತ್ತದೆ. ಬಿಲದ ಬಾಯಲ್ಲಿ ಎಲುಬು ಬಿದ್ದಿರುವುದು ಅದಕ್ಕೇ. ತನ್ನ ಎಲುಬಿಗೆ ಬೇರೆಯವರು ಬಂದರೆ ನಾಯಿ ಸುಮ್ನೆ ಇರುತ್ತದಾ? ಹಾಗಾಗಿ ಸಂಜೆಯೇ ಎಲುಬು ಎತ್ತಿಬಿಡಿ. ಉದುರಿದ ಮಾವು, ಸೀತಾಫಲ, ಅಂಗಳದಲ್ಲಿ ಒಣಗಲು ಹಾಕಿದ ಶೇಂಗಾ ಕೂಡ ಹಾಗೇ.

ಮುಳ್ಳು ಚುಚ್ಚಿದರೆ ಗಾಬರಿಯಲ್ಲಿ ಕತ್ತರಿಸಬೇಡಿ. ನೋವಿಗೆ ಸಾಕಿದ ನಾಯಿಯೂ ಕಚ್ಚುತ್ತದೆ, ಮೊದಲು ಬಾಯಿ ಕಟ್ಟಿ. ಉಸಿರಾಟಕ್ಕೆ ತೊಂದರೆ ಇದ್ದರೆ ಅಥವಾ ಬಾಯೊಳಗೇ ಮುಳ್ಳು ಇದ್ದರೆ ಮಾತ್ರ ಕಟ್ಟಬೇಡಿ. ಕಾಲಿನ ಚರ್ಮದಲ್ಲಿ ಮೇಲೆ ಮೇಲೆ ಒಂದೆರಡು ಇದ್ದರೆ ಇಕ್ಕಳದಿಂದ ಬುಡದಲ್ಲಿ ಹಿಡಿದು, ಹೊಕ್ಕ ದಿಕ್ಕಿನಲ್ಲೇ ನೇರ ಎಳೆಯಿರಿ. ಯೂಟ್ಯೂಬಿನ ಅಮೆರಿಕದ ವಿಡಿಯೋ ನೋಡಿ ಹೆದರಬೇಡಿ, ಅಲ್ಲಿನ ಮುಳ್ಳಿಗೆ ಕೊಕ್ಕೆ ಇರುತ್ತದೆ, ನಮ್ಮದಕ್ಕೆ ಇಲ್ಲ. ಎದೆ, ಹೊಟ್ಟೆ, ಕಣ್ಣು, ಗಂಟಲು ಅಂದರೆ ಮಾತ್ರ ಕೈ ಹಚ್ಚದೆ ಡಾಕ್ಟರ ಹತ್ತಿರ ಒಯ್ಯಿರಿ. ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಒಳಗೆ ತುಂಡು ಉಳಿದರೆ ಕೀವು ಆಗುತ್ತದೆ. ಗಾಯ ಸಣ್ಣದು ಅಂತ ಬಿಡಬೇಡಿ.

ಬಿಲಕ್ಕೆ ಹೊಗೆ ಹಾಕಿಸುವುದು, ಉರುಲು ಇಡುವುದು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಊರಲ್ಲಿ ಯಾರಾದರೂ ಮಾಂಸದ ಆಸೆಗೆ ಹಿಡಿದುಕೊಡುತ್ತೇನೆ ಅಂದರೂ ಒಪ್ಪಬೇಡಿ.

ಕಾಯಿಪಲ್ಲೆ ಮಡಿಗೆ ಮಾತ್ರ ಜಾಲರಿ ಹಾಕಿ, ಒಂದೂವರೆ ಅಡಿ ಮಣ್ಣೊಳಗೆ ಹೂತಿರಲಿ, ಇಲ್ಲದಿದ್ದರೆ ಕೆಳಗಿನಿಂದ ಅಗೆದು ಬರುತ್ತದೆ. ಎಳೆ ಗಿಡಗಳ ಬುಡಕ್ಕೆ ತಗಡು ಸುತ್ತಿ. ಗೆಣಸು ಹಾಕುವ ಯೋಚನೆ ಇದ್ದರೆ ಮನೆ ಪಕ್ಕ ಬೇಡ, ಆಚೆ ಬದುವಿನ ಕಡೆ ಹಾಕಿ.