ಓಪನ್ ಸೋರ್ಸ್ ಪ್ರಾಜೆಕ್ಟ್‌ನ ಸುದ್ದಿಯಲ್ಲಿ ಕಂಪನಿಗೆ ಎಷ್ಟು ಜಾಗ ಕೊಡಬೇಕು?

ನಿಮ್ಮ ಪ್ರಾಜೆಕ್ಟ್‌ನ ಇಬ್ಬರು ಡೆವಲಪರ್‌ಗಳಿಗೆ ಸಂಬಳ ಕೊಡುವ ಕಂಪನಿ, ತಾನು ಮಾರುವ ಸೇವೆಯ ಸುದ್ದಿಯನ್ನೂ ಪ್ರಾಜೆಕ್ಟ್ ಹೆಸರಲ್ಲೇ ಹಾಕಿ ಅನ್ನುತ್ತಿದೆ. ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವವರಿಗೆ ಇದರಿಂದ ಬೇಜಾರು. ಸುದ್ದಿಯ ಜಾಗವನ್ನು ಅರ್ಧರ್ಧ ಹಂಚಿಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸರಿಹೋಗಲ್ಲ. ಇಲ್ಲಿ ಜಗಳ ಬರುವುದು ಜಾಗದ ಅಳತೆಗಲ್ಲ, ಪ್ರಾಜೆಕ್ಟ್ ಹೆಸರಲ್ಲಿ ಮಾತಾಡುವವರು ಯಾರು ಅನ್ನುವುದಕ್ಕೆ.

ಪತ್ರ, ಲೆಕ್ಕದ ಹಾಳೆ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಲ್ಲಿ ಆದದ್ದನ್ನೇ ನೋಡಿ. 2020ರ ಜುಲೈನಲ್ಲಿ 7.0 ಆವೃತ್ತಿಯ ಪರೀಕ್ಷಾ ಬಿಡುಗಡೆಯಲ್ಲಿ ಹೆಸರಿನ ಪಕ್ಕ 'ಪರ್ಸನಲ್ ಎಡಿಷನ್' ಅಂತ ಕಾಣಿಸಿಕೊಂಡಿತು. ಉದ್ದೇಶ ಕೆಟ್ಟದ್ದೇನೂ ಇರಲಿಲ್ಲ. ಆ ಸಾಫ್ಟ್‌ವೇರ್‌ನ ಕೋಡ್‌ನಲ್ಲಿ ಆಗ ಹೆಚ್ಚಿನ ಪಾಲು ಬರುತ್ತಿದ್ದದ್ದು ಕೊಲಾಬೊರಾದಂಥ ಕಂಪನಿಗಳಿಂದ. ದೊಡ್ಡ ಕಚೇರಿಗಳು ಪುಕ್ಕಟೆ ಆವೃತ್ತಿ ಹಾಕಿಕೊಂಡು ಸುಮ್ಮನಾಗುವ ಬದಲು ಆ ಕಂಪನಿಗಳಿಂದ ಸಪೋರ್ಟ್ ಕೊಳ್ಳಲಿ ಅನ್ನುವುದು ಲೆಕ್ಕಾಚಾರ. ಆದರೆ ನೋಡಿದವರಿಗೆ ಅನಿಸಿದ್ದೇ ಬೇರೆ: ಇನ್ನು ಮೇಲೆ ಶಾಲೆಯಲ್ಲಿ, ಆಫೀಸಿನಲ್ಲಿ ಇದನ್ನು ಬಳಸುವ ಹಾಗಿಲ್ಲವಾ? ಲೈಸೆನ್ಸ್ ಬದಲಾಗಲ್ಲ ಅಂತ, ಲಿಬ್ರೆಆಫೀಸ್ ನಡೆಸುವ ಸಂಸ್ಥೆ ಡಾಕ್ಯುಮೆಂಟ್ ಫೌಂಡೇಶನ್ ಸ್ಪಷ್ಟನೆ ಕೊಡಬೇಕಾಯಿತು. ಆಗಸ್ಟ್‌ನಲ್ಲಿ ಬಂದ 7.0ರಲ್ಲಿ ಆ ಲೇಬಲ್ ಇರಲಿಲ್ಲ. ಚರ್ಚೆ ಆದ ಮೇಲೆ, 2021ರ ಫೆಬ್ರವರಿಯ 7.1ಕ್ಕೆ 'ಕಮ್ಯುನಿಟಿ' ಅನ್ನುವ ಲೇಬಲ್ ಬಂತು. ಕಂಪನಿಗಳ ಗುರಿ ಅದೇ, ಲೈಸೆನ್ಸ್ ಅದೇ. ಆದರೂ ಮೊದಲನೆಯದು ಬಳಸುವವರಿಗೆ ಬೇಲಿ ಹಾಕಿದ ಹಾಗಿತ್ತು, ಎರಡನೆಯದು ಕಟ್ಟಿದವರನ್ನು ಹೆಸರಿಸಿತು.

ನಮ್ಮಲ್ಲಿ ಗಣೇಶನ ಪೆಂಡಾಲ್‌ಗೆ ಚಂದಾ ಕೊಟ್ಟ ಅಂಗಡಿಯ ಬ್ಯಾನರ್ ಪಕ್ಕದಲ್ಲಿ ಕಟ್ಟಿದರೆ ಯಾರೂ ತಕರಾರು ಮಾಡಲ್ಲ, ಅಲ್ವಾ? ಅದೇ ಬ್ಯಾನರ್ ಗಣೇಶನ ಮುಂದೆ ಅಡ್ಡ ಬಂದರೆ ಸುಮ್ನೆ ಇರುವವರು ಯಾರು?

ನಾನು ಒಂದು ಚಿಕ್ಕ ಪ್ರಾಜೆಕ್ಟ್‌ನ ರಿಲೀಸ್ ನೋಟ್ಸ್, ಅಂದರೆ ಹೊಸ ಆವೃತ್ತಿಯಲ್ಲಿ ಏನು ಬದಲಾಯಿತು ಅನ್ನುವ ಟಿಪ್ಪಣಿ, ಬರೆಯುತ್ತೇನೆ. ಕಂಪನಿಯಿಂದ ಏನೇ ಬಂದರೂ ಒಂದೇ ಪ್ರಶ್ನೆ ಕೇಳುತ್ತೇನೆ: ಒಂದು ರೂಪಾಯಿಯೂ ಕೊಡದೆ ಬಳಸುವವನಿಗೆ ಇದರಿಂದ ಏನಾದರೂ ಸಿಗುತ್ತಾ? 'ನಮ್ಮ ಕ್ಲೌಡ್‌ನಲ್ಲಿ ಈಗ ಬ್ಯಾಕಪ್ ಬಲು ಸುಲಭ' ಅನ್ನುವುದು ಅವರ ಸ್ವಂತ ಸೈಟಿಗೆ ಹೋಗಲಿ. 'ದೊಡ್ಡ ಡೇಟಾಬೇಸ್ ಬ್ಯಾಕಪ್ ನಡುವೆ ನಿಂತುಹೋದರೆ ಇನ್ನು ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಯುತ್ತೆ; ಈ ಕೆಲಸಕ್ಕೆ ಇಂಥ ಕಂಪನಿ ಸಂಬಳ ಕೊಟ್ಟಿತು' ಅಂದರೆ ಅದನ್ನು ಸಂತೋಷದಿಂದ ಮೇಲೆಯೇ ಹಾಕುತ್ತೇನೆ, ಕಂಪನಿ ಹೆಸರಿನ ಸಮೇತ. ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಮುಚ್ಚಿಟ್ಟರೆ ಅನುಮಾನ ಇನ್ನೂ ಜಾಸ್ತಿ ಆಗುತ್ತೆ. ಸೆಕ್ಯುರಿಟಿ ತೊಂದರೆ, ಲೈಸೆನ್ಸ್ ಬದಲಾವಣೆ, ಹೊಸ ಆವೃತ್ತಿ ಈ ಮೂರರ ಸುದ್ದಿಯೊಳಗೆ ಮಾತ್ರ ಮಾರಾಟದ ಒಂದು ಸಾಲೂ ಬೇಡ. ಜನ ಅದನ್ನು ನಂಬಿ ತಮ್ಮ ಸರ್ವರ್ ಮುಟ್ಟುತ್ತಾರೆ.

ಕೊನೆಯ ಮಾತು ಯಾರದ್ದು ಅನ್ನುವುದೂ ಮುಖ್ಯ. ಪೋಸ್ಟ್‌ಗ್ರೆಸ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್ ಪ್ರಾಜೆಕ್ಟ್ ನಡೆಸುವ ಕೋರ್ ಟೀಮ್‌ನಲ್ಲಿ ಒಂದೇ ಕಂಪನಿಯವರು ಅರ್ಧಕ್ಕಿಂತ ಜಾಸ್ತಿ ಇರಬಾರದು ಅನ್ನುವ ಪದ್ಧತಿ ಇದೆ. 2020ರಲ್ಲಿ ಪೋಸ್ಟ್‌ಗ್ರೆಸ್ ಸೇವೆ ಮಾರುವ ಇಡಿಬಿ ಕಂಪನಿ, ಅದೇ ಕೆಲಸದ ಸೆಕೆಂಡ್‌ಕ್ವಾಡ್ರಂಟ್ ಅನ್ನು ಕೊಂಡಾಗ ಐವರಲ್ಲಿ ಮೂವರು ಒಂದೇ ಕಡೆಯವರಾದರು. ಆಗ ಯಾರನ್ನೂ ಕಳಿಸಲಿಲ್ಲ. ಬೇರೆ ಕಂಪನಿಗಳಲ್ಲಿದ್ದ ಇಬ್ಬರನ್ನು ಸೇರಿಸಿ ಟೀಮನ್ನು ಏಳು ಜನರದ್ದಾಗಿ ಮಾಡಿದರು.

ನೀವೂ ಸುದ್ದಿ ಒಪ್ಪುವ ಕೆಲಸಕ್ಕೆ ಮೂವರನ್ನು ಇಟ್ಟುಕೊಳ್ಳಿ, ಅದರಲ್ಲಿ ಕಂಪನಿಯವರು ಒಬ್ಬರೇ ಇರಲಿ. ಆ ಇಬ್ಬರು ಡೆವಲಪರ್‌ಗಳನ್ನಂತೂ ದೂರ ಮಾಡಬೇಡಿ. ಯಾರಿಗೂ ಬೇಡವಾದ ಹಳೇ ಬಗ್‌ಗಳನ್ನು ಕೂತು ಸರಿಮಾಡುವುದು ಹೆಚ್ಚಾಗಿ ಅಂಥವರೇ. ನಿಯಮವನ್ನು ಅವರ ಜೊತೆ ಕೂತೇ ಬರೆಯಿರಿ, ಕೋಡ್ ಇರುವ ಜಾಗದಲ್ಲೇ ಒಂದು ಫೈಲ್ ಮಾಡಿ ಹಾಕಿ. ಇನ್ನೊಂದು ಕಂಪನಿ ದುಡ್ಡು ಹಿಡಿದುಕೊಂಡು ಬಂದಾಗ ತೋರಿಸೋಕೆ ಅದು ಬೇಕೇ ಬೇಕು.