ಬೆವರು ಸೆಖೆಯದ್ದೋ, ಶುಗರಿನದ್ದೋ?

ಪ್ರಶ್ನೆ: ನನ್ನ ಮಾವನಿಗೆ 68 ವರ್ಷ. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತಗೊಳ್ತಾರೆ. ಮೊನ್ನೆ ಸೂಜಿ ಚುಚ್ಚಿಕೊಂಡು, ‘ಇದೊಂದು ಬುಟ್ಟಿ ಆಗಲಿ’ ಅಂತ ಅಡಿಕೆ ಸುಲಿಯಲು ಕೂತರು. ಮುಕ್ಕಾಲು ಗಂಟೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೈ ನಡುಗುತ್ತಿತ್ತು. ಅಂಥ ಚಳಿಯಲ್ಲೂ ಅಂಗಿ ಒದ್ದೆ. ಊಟಕ್ಕೆ ಕರೆದರೆ ನನ್ನ ಮೇಲೇ ರೇಗಿದರು. ನಾನು ಅವಲಕ್ಕಿ ಕಲಸಲು ಓಡಿದೆ. ಮಾಡಿದ್ದು ಸರಿಯಾ?
– ಒಬ್ಬ ಸೊಸೆ, ಶಿರಸಿ

ಉತ್ತರ: ಅವಲಕ್ಕಿ ಆಮೇಲೆ, ತಂಗಿ. ಮೊದಲು ಸಕ್ಕರೆ.

ಶಿರಸಿಯ ಚಳಿಯಲ್ಲಿ ಬೆವರಿದ್ದಕ್ಕೆ ನಿಮಗೆ ಅನುಮಾನವಾದರೂ ಬಂತು. ನಮ್ಮ ಕಾರವಾರದಲ್ಲಿ ಅದೂ ಕಷ್ಟ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನನ್ನ ಅಮ್ಮ ಬೆವರಿ ತೊಪ್ಪೆಯಾಗಿ ಕೂತಿದ್ದರು. ಸೆಖೆ ಅಂತ ಫ್ಯಾನ್ ಜೋರು ಮಾಡಿದೆ. ಡಾಕ್ಟರಾದ ನಾನೇ! ಕೈ ಹಿಡಿದರೆ ತಣ್ಣಗಿತ್ತು. ರಕ್ತ ನೋಡಿದರೆ ಶುಗರ್ 52. ಏಕಾದಶಿ ಅಂತ ಊಟ ಬಿಟ್ಟು ಶುಗರ್ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು.

70ಕ್ಕಿಂತ ಕೆಳಗಿಳಿದರೆ ಲೋ ಶುಗರ್. ನಡುಕ, ತಣ್ಣನೆ ಬೆವರು, ಹಸಿವು, ಎದೆ ಡವಡವ ಶುರುವಾಗುತ್ತವೆ. 54ಕ್ಕಿಂತ ಇಳಿದರೆ ಮಿದುಳಿಗೇ ಸಕ್ಕರೆ ಸಾಲದು. ಮಾತು ತೊದಲುತ್ತದೆ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಸುಮ್ನೆ ರೇಗುವುದೂ ಇದರದ್ದೇ ಲಕ್ಷಣ. ಹಾಗಾಗಿ ಮಾವನ ಮೇಲೆ ಬೇಜಾರು ಬೇಡ, ಅವರ ಜತೆ ವಾದವೂ ಬೇಡ. ಮೆಟ್ಟುಗತ್ತಿ ಸರಿಸಿ, ಲೋಟ ಕೈಗಿಡಿ.

ಅರ್ಧ ಲೋಟ ನೀರಿಗೆ ತುಂಬಿದ ಮೂರು ಟೀ ಚಮಚ ಸಕ್ಕರೆ ಸಾಕು. ನಿಮ್ಮ ಕಡೆ ಮನೆಯಲ್ಲಿ ಜೋನಿ ಬೆಲ್ಲ ಇರುತ್ತದಲ್ವಾ, ಅದನ್ನೇ ಒಂದು ದೊಡ್ಡ ಚಮಚ ಕದಡಿದರೂ ಆಯ್ತು. ಸುಮಾರು 15 ಗ್ರಾಂ ಸಿಹಿ ಒಳಗೆ ಹೋಗಬೇಕು, ಅಷ್ಟೇ. 15 ನಿಮಿಷ ಬಿಟ್ಟು ಗ್ಲುಕೋಮೀಟರಿನಲ್ಲಿ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ದಾಟಿದ ಮೇಲೆ ಊಟ. ಮೀಟರ್ ಇಲ್ಲ ಅಂತ ಕಾಯಬೇಡಿ, ಅನುಮಾನ ಬಂದರೆ ಕೊಟ್ಟೇಬಿಡಿ. ಚಾಕೊಲೇಟು ಮಾತ್ರ ಬೇಡ. ಅದರ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ವೋಗ್ಲಿಬೋಸ್ ಅನ್ನೋ ಶುಗರ್ ಮಾತ್ರೆಯೂ ನಡೆಯುತ್ತಿದ್ದರೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಗ್ಲುಕೋಸ್ ಪುಡಿಯೇ ಬೇಕು.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಿನ ಕೊಳವೆಗೆ ಇಳಿದೀತು. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಮೊನ್ನೆ ಆಗಿದ್ದನ್ನು ಮಾವನ ಡಾಕ್ಟರಿಗೆ ಹೇಳಲೇಬೇಕು. ಇನ್ಸುಲಿನ್ ಎಷ್ಟು, ಯಾವಾಗ ಅನ್ನೋದನ್ನು ಅವರೇ ನೋಡಲಿ. ಅಲ್ಲಿಯವರೆಗೆ ಅನ್ನ ಒಲೆಯಿಂದ ಇಳಿಯದೆ ಸೂಜಿ ಹೊರಗೆ ತೆಗೆಯಬೇಡಿ. ಬುಟ್ಟಿ ಊಟದ ನಂತರವೂ ಅಲ್ಲೇ ಇರುತ್ತದೆ.