ಹಳೇ ಪಿಸಿಯಲ್ಲಿ ಗೇಮ್ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ತಡವರಿಸುತ್ತದೆ. ಏಕೆ?

ಶುರುವಿನಲ್ಲಿ ಸರಿಯಿದೆ ಅಂದ್ರೆ ನನ್ನ ಅನುಮಾನ ಬಿಸಿಯ ಮೇಲೆ. ಹಳೇ ಇಂಟೆಲ್ ಐ5 ಪ್ರೊಸೆಸರ್ ಸುಮಾರು 100 ಡಿಗ್ರಿ ಹತ್ತಿರ ಬಂದರೆ, ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಎಚ್‌ಡಬ್ಲ್ಯೂಮಾನಿಟರ್ ಎಂಬ ಬಿಸಿ ತೋರಿಸುವ ತಂತ್ರಾಂಶ ಹಾಕಿ, ಆಡುವಾಗ ಎಷ್ಟು ಬಿಸಿಯಾಗುತ್ತದೆ ನೋಡಿ. 90 ದಾಟಿದರೆ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ಮತ್ತು ಹೀಟ್‌ಸಿಂಕ್ (ಪ್ರೊಸೆಸರ್ ಬಿಸಿ ಹೀರುವ ಲೋಹದ ಪಟ್ಟಿಗಳು) ಸಂದಿಯ ಧೂಳು ತೆಗೆಯಿರಿ. ಒಮ್ಮೊಮ್ಮೆ ದಿಂಬು ತುಂಬುವಷ್ಟು ಸಿಗುತ್ತದೆ! ಬ್ರಷ್ ಸಾಕು, ಆದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಆಮೇಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಒಣಗಿರಬೇಕು. ಹಳೆಯದನ್ನು ಒರೆಸಿ, ಸಣ್ಣ ಬಟಾಣಿಯಷ್ಟು ಹೊಸದು ಹಾಕಿ.

ಮೊದಲಿನಿಂದಲೇ ನಿಧಾನ ಅಂದ್ರೆ ಕಥೆಯೇ ಬೇರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಿ ಚಿತ್ರ ಮೂಡಿಸಲೂ ರ‍್ಯಾಮೇ ಬೇಕು. ಆಗ ಒಂದೇ ಸ್ಟಿಕ್ ಬದಲು ಒಂದೇ ಅಳತೆಯ ಎರಡು ಹಾಕಿದರೆ, ಎರಡರಿಂದಲೂ ಒಟ್ಟಿಗೆ ಡೇಟಾ ಬರುವುದರಿಂದ, ವ್ಯತ್ಯಾಸ ಕಾಣುತ್ತದೆ.